ಬಾಸ್ ರೀವ್ಸ್ ‘ಒಂಟಿ ಸವಾರ’ ಆಗಿರಲಿಲ್ಲ

ಮುಖವಾಡ ಧರಿಸಿ, ಬಿಳಿ ಕುದುರೆ ಏರಿ, ಬೆಳ್ಳಿಯ ಗುಂಡು ಹಾರಿಸುತ್ತ ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ನ್ಯಾಯ ಕಾಯುವ ‘ಲೋನ್ ರೇಂಜರ್’ (ಒಂಟಿ ಸವಾರ) ಎಂಬ ಪಾತ್ರ 1933ರ ಜನವರಿಯಲ್ಲಿ ಡೆಟ್ರಾಯಿಟ್ ನಗರದ ಒಂದು ರೇಡಿಯೊ ಕೇಂದ್ರದಿಂದ ಮೊದಲ ಬಾರಿಗೆ ಕೇಳಿಬಂತು. ಆ ಪಾತ್ರಕ್ಕೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಮೂಲಪುರುಷನನ್ನು ಹುಡುಕಿಕೊಡಲಾಗಿದೆ: ಗುಲಾಮನಾಗಿ ಹುಟ್ಟಿ, ಮೂವತ್ತೆರಡು ವರ್ಷ ಡೆಪ್ಯುಟಿ ಮಾರ್ಷಲ್ ಆಗಿ, ಎಂದರೆ ಕೇಂದ್ರ (ಫೆಡರಲ್) ನ್ಯಾಯಾಲಯದ ವಾರಂಟು ಹಿಡಿದು ಆರೋಪಿಗಳನ್ನು ಬಂಧಿಸಿ ತರುವ ಅಧಿಕಾರಿಯಾಗಿ, ದುಡಿದ ಕಪ್ಪು ಮನುಷ್ಯ ಬಾಸ್ ರೀವ್ಸ್. 2011ರಲ್ಲಿ ಓಕ್ಲಹೋಮಾದ ಮಸ್ಕೋಗೀ ಬಳಿ ಅರ್ಕನ್ಸಾ ನದಿಯ ಸೇತುವೆಗೆ ಅವರ ಹೆಸರಿಟ್ಟರು. 2012ರಲ್ಲಿ ಅರ್ಕನ್ಸಾ ರಾಜ್ಯದ ಫೋರ್ಟ್ ಸ್ಮಿತ್ ಪಟ್ಟಣದಲ್ಲಿ ಅವರ ಕುದುರೆ ಸವಾರಿಯ ಕಂಚಿನ ಪ್ರತಿಮೆ ನಿಂತಿತು. 2023ರಲ್ಲಿ ಅದೇ ಪಟ್ಟಣದಲ್ಲಿ ಮಾರ್ಷಲ್‌ಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆಯಿತು, ವರ್ಷದ ಕೊನೆಗೆ ರೀವ್ಸ್ ಕುರಿತ ಟಿವಿ ಸರಣಿಯೂ ಬಂತು. ಇದರ ಬೆನ್ನಿಗೇ ‘ನಿಜವಾದ ಲೋನ್ ರೇಂಜರ್ ಕಪ್ಪು ಮನುಷ್ಯನಾಗಿದ್ದ’ ಎಂಬ ಒಂದೇ ಸಾಲು ಜಗತ್ತಿನೆಲ್ಲೆಡೆ ಹರಿದಾಡತೊಡಗಿತು.

ಈ ಸಾಲು ಸುಳ್ಳೋ ನಿಜವೋ ಎಂಬುದಕ್ಕಿಂತ ಅದು ಏನನ್ನು ಮರೆಮಾಡುತ್ತದೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಮರೆತುಹೋದ ಒಬ್ಬ ಮನುಷ್ಯನನ್ನು ನೆನಪಿಗೆ ತರುವ ಉತ್ಸಾಹದಲ್ಲಿ ಆತನನ್ನು ‘ಒಂಟಿ’ಯಾಗಿಸಿಬಿಟ್ಟರೆ, ಅವರ ಹಿಂದೆ ಮುಂದೆ ಇದ್ದ ಹತ್ತಾರು ಕಪ್ಪು ಡೆಪ್ಯುಟಿಗಳು, ಅವರನ್ನು ಆ ಕೆಲಸಕ್ಕೆ ತಂದು ನಿಲ್ಲಿಸಿದ ಕಾನೂನು, ಭಾಷೆ, ಒಪ್ಪಂದ ಎಲ್ಲವೂ ಮತ್ತೊಮ್ಮೆ ಮರೆಯಾಗುತ್ತವೆ. ರೀವ್ಸ್ ಅವರ ಬದುಕಿನಲ್ಲಿ ಅತ್ಯಂತ ಹುಸಿಯಾದ ವಿಶೇಷಣ ಯಾವುದೆಂದರೆ ಆ ‘ಒಂಟಿ’ ಎಂಬುದೇ.

ಮೊದಲು ರೇಡಿಯೊ ಕಥೆಯ ವಿಚಾರವನ್ನು ಮುಗಿಸಿಬಿಡೋಣ. ರೀವ್ಸ್ ಅವರ ಬಗ್ಗೆ ದಶಕಗಳ ಕಾಲ ದಾಖಲೆ ಹುಡುಕಿ 2006ರಲ್ಲಿ ಜೀವನಚರಿತ್ರೆ ಪ್ರಕಟಿಸಿದ ಇತಿಹಾಸಕಾರ ಆರ್ಟ್ ಬರ್ಟನ್ ಈ ಹೋಲಿಕೆಯನ್ನು ಮುಂದಿಟ್ಟರು. ಇಬ್ಬರಿಗೂ ಮೂಲನಿವಾಸಿ ಜೊತೆಗಾರರಿದ್ದರು, ಇಬ್ಬರೂ ವೇಷ ಮರೆಸುತ್ತಿದ್ದರು, ಫೋರ್ಟ್ ಸ್ಮಿತ್ ನ್ಯಾಯಾಲಯದಲ್ಲಿ ಶಿಕ್ಷೆಯಾದ ಅನೇಕ ಕೈದಿಗಳನ್ನು ದೂರದ ಡೆಟ್ರಾಯಿಟ್ ಬಂದೀಖಾನೆಗೆ ಕಳಿಸುತ್ತಿದ್ದರಿಂದ ರೀವ್ಸ್ ಅವರ ಕಥೆಗಳು ಆ ಊರಿಗೆ ತಲುಪಿರಬಹುದು ಎಂಬುದು ವಾದ. ಕೈದಿಗಳನ್ನು ಅಲ್ಲಿಗೆ ಕಳಿಸುತ್ತಿದ್ದುದು ನಿಜ. ಹೆಸರಾಂತ ಕುದುರೆಗಳ್ಳಿ ಬೆಲ್ ಸ್ಟಾರ್ 1883ರಲ್ಲಿ ಶಿಕ್ಷೆ ಅನುಭವಿಸಿದ್ದು ಅಲ್ಲಿಯೇ. ಆದರೆ ಕೈದಿಗಳ ಮಾತು ಐವತ್ತು ವರ್ಷ ದಾಟಿ ರೇಡಿಯೊ ಬರಹಗಾರರ ಕಿವಿಗೆ ಬಿದ್ದಿತು ಎನ್ನಲು ಒಂದು ಚೀಟಿಯ ಆಧಾರವೂ ಇಲ್ಲ. ರೇಡಿಯೊ ಕೇಂದ್ರದ ಮಾಲೀಕರ ಕಣ್ಣ ಮುಂದೆ ಇದ್ದದ್ದು ಜೊರೊ, ರಾಬಿನ್ ಹುಡ್‌ನಂತಹ ಆಗಲೇ ಜನಪ್ರಿಯವಾಗಿದ್ದ ಪಾತ್ರಗಳು. ಲೋನ್ ರೇಂಜರ್‌ಗೆ ತುಂಬ ಹತ್ತಿರವಾಗಿ ಹೋಲುವ ನಿಜ ವ್ಯಕ್ತಿ ರೀವ್ಸ್ ಎಂಬಲ್ಲಿಗೆ ಬರ್ಟನ್ ನಿಲ್ಲುತ್ತಾರೆ, ಅದನ್ನು ಸಾಬೀತುಪಡಿಸಲಾಗದು ಎಂದೂ ಒಪ್ಪುತ್ತಾರೆ. ಅವರ ಮಾತನ್ನು ಎರವಲು ಪಡೆದವರು ಆ ಎಚ್ಚರವನ್ನು ಮಾತ್ರ ಎರವಲು ಪಡೆಯಲಿಲ್ಲ.

ರೀವ್ಸ್ 1838ರಲ್ಲಿ ಅರ್ಕನ್ಸಾ ರಾಜ್ಯದಲ್ಲಿ, ಶಾಸಕನೊಬ್ಬನ ಮನೆಯ ಗುಲಾಮರಾಗಿ ಹುಟ್ಟಿದರು. ಬಾಲ್ಯದಲ್ಲೇ ಯಜಮಾನನ ಕುಟುಂಬದೊಡನೆ ಟೆಕ್ಸಾಸಿಗೆ ಹೋಗಬೇಕಾಯಿತು. ಅಂತರ್ಯುದ್ಧದ ಕಾಲದಲ್ಲಿ ಇಸ್ಪೀಟಾಟದ ಜಗಳದಲ್ಲಿ ಯಜಮಾನನಿಗೆ ಹೊಡೆದು ಪರಾರಿಯಾದರು ಎಂಬುದು ಮನೆತನದವರು ಹೇಳುತ್ತ ಬಂದ ಮಾತು. ಅವರು ಓಡಿದ್ದು ಉತ್ತರಕ್ಕೆ, ರೆಡ್ ನದಿಯ ಆಚೆಗಿನ ಇಂಡಿಯನ್ ಟೆರಿಟರಿಗೆ. ಅಲ್ಲಿ ಕ್ರೀಕ್, ಸೆಮಿನೋಲ್, ಚೆರೋಕೀ ಜನರ ನಡುವೆ ಕಳೆದ ವರ್ಷಗಳಲ್ಲಿ ಅವರ ಮಾತುಗಳನ್ನು ಕಲಿತರು. ಬಂದೂಕಿನ ಗುರಿಗಿಂತಲೂ ಮುಂದೆ ಕೈಹಿಡಿದ ವಿದ್ಯೆ ಇದೇ ಎಂದು ನನ್ನ ಎಣಿಕೆ.

ಇಂಡಿಯನ್ ಟೆರಿಟರಿ ಎಂದರೇನು ಎಂಬುದನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು. ಸಿನಿಮಾಗಳು ಈ ಭಾಗವನ್ನು ದಾಟಿಕೊಂಡು ಹೋಗುವುದೇ ಹೆಚ್ಚು. 1830ರ ದಶಕದಲ್ಲಿ ಅಮೆರಿಕ ಸರ್ಕಾರ ಚೆರೋಕೀ, ಕ್ರೀಕ್, ಚಾಕ್ಟಾ, ಚಿಕಸಾ, ಸೆಮಿನೋಲ್ ಎಂಬ ಐದು ಜನಾಂಗಗಳನ್ನು ಆಗ್ನೇಯದ ಅವರ ನೆಲದಿಂದ ಒಕ್ಕಲೆಬ್ಬಿಸಿ, ಇಂದಿನ ಓಕ್ಲಹೋಮಾದ ಪೂರ್ವ ಭಾಗಕ್ಕೆ ತಂದು ಬಿಟ್ಟಿತು. ಹೀಗೆ ಬಂದವರಲ್ಲಿ ಉಳ್ಳವರು ತಮ್ಮ ಕಪ್ಪು ಗುಲಾಮರನ್ನೂ ಜೊತೆಗೆ ತಂದಿದ್ದರು. ತಾವೇ ನೆಲ ಕಳೆದುಕೊಂಡವರು ಇನ್ನೊಬ್ಬರ ಬಿಡುಗಡೆಯನ್ನು ಕಸಿದುಕೊಂಡಿದ್ದರೆಂಬ ಈ ಸಂಗತಿ ಯಾವ ಕಡೆಯ ದಂತಕಥೆಗೂ ಹಿತವಾದುದಲ್ಲ. ಅಂತರ್ಯುದ್ಧ ಮುಗಿದ ಮೇಲೆ, 1866ರಲ್ಲಿ, ಈ ಜನಾಂಗಗಳೊಡನೆ ಮಾಡಿಕೊಂಡ ಒಪ್ಪಂದಗಳಂತೆ ಆ ಗುಲಾಮರು ಬಿಡುಗಡೆ ಹೊಂದಿದರು; ಕ್ರೀಕ್, ಸೆಮಿನೋಲ್, ಚೆರೋಕೀ ಒಪ್ಪಂದಗಳು ಅವರಿಗೆ ಆಯಾ ಜನಾಂಗದ ಪ್ರಜೆಗಳೆಂಬ ಹಕ್ಕನ್ನೂ ಕೊಟ್ಟವು. ಹೀಗೆ ಕ್ರೀಕ್ ಮಾತನಾಡುವ, ಕ್ರೀಕ್ ಅಡುಗೆ ಉಣ್ಣುವ, ಕ್ರೀಕ್ ಸಭೆಯಲ್ಲಿ ಕೂರುವ ಕಪ್ಪು ಜನರ ಊರುಗಳು ಆ ನೆಲದಲ್ಲಿ ಬೇರೂರಿದವು. ಇವರನ್ನು ಅಲ್ಲಿ ‘ಫ್ರೀಡ್‌ಮೆನ್’ ಎಂದೇ ಕರೆಯುತ್ತಾರೆ.

ಎರಡನೆಯ ಎಳೆ ನ್ಯಾಯವ್ಯಾಪ್ತಿಯದು. ಜನಾಂಗಗಳ ಸ್ವಂತ ನ್ಯಾಯಾಲಯಗಳು ತಮ್ಮ ಪ್ರಜೆಗಳನ್ನು ಮಾತ್ರ ವಿಚಾರಿಸಬಹುದಿತ್ತು. ಹೊರಗಿನಿಂದ ಬಂದ ಬಿಳಿಯನೊಬ್ಬ ಅಲ್ಲಿ ಕೊಲೆ ಮಾಡಿದರೂ ಅವನನ್ನು ಮುಟ್ಟುವ ಅಧಿಕಾರ ಅವಕ್ಕಿರಲಿಲ್ಲ. ಅಕ್ಕಪಕ್ಕದ ರಾಜ್ಯಗಳ ಷೆರೀಫ್‌ಗಳಿಗೂ ಅಲ್ಲಿ ಅಧಿಕಾರವಿಲ್ಲ. ಹೀಗಾಗಿ ಟೆಕ್ಸಾಸ್, ಮಿಸೂರಿ, ಕಾನ್ಸಾಸ್‌ಗಳ ಕಳ್ಳಕಾಕರಿಗೆಲ್ಲ ಅದು ಅಡಗುತಾಣವಾಯಿತು. ಅವರನ್ನು ಹಿಡಿಯುವ ಹೊಣೆ ಇದ್ದದ್ದು ಫೋರ್ಟ್ ಸ್ಮಿತ್‌ನ ಒಂದು ಫೆಡರಲ್ ನ್ಯಾಯಾಲಯಕ್ಕೆ. ಆ ನ್ಯಾಯಾಲಯದ ವ್ಯಾಪ್ತಿ ಸುಮಾರು 74,000 ಚದರ ಮೈಲಿ. ಲೆಕ್ಕ ಹಾಕಿ ನೋಡಿದರೆ ಹೆಚ್ಚುಕಡಿಮೆ ಇಡೀ ಕರ್ನಾಟಕದಷ್ಟು ನೆಲ. 1875ರಲ್ಲಿ ನ್ಯಾಯಾಧೀಶರಾಗಿ ಬಂದ ಐಸಾಕ್ ಪಾರ್ಕರ್ ಅವರ ಕಾಲದಲ್ಲಿ ಇದಕ್ಕೆ ಇನ್ನೂರು ಡೆಪ್ಯುಟಿ ಮಾರ್ಷಲ್‌ಗಳನ್ನು ನೇಮಿಸಲು ಹೊರಟರು. ಬೀದರಿನಿಂದ ಚಾಮರಾಜನಗರದವರೆಗಿನ ನೆಲವನ್ನು, ಹೆದ್ದಾರಿಗಳೇ ಇಲ್ಲದ ಕಾಲದಲ್ಲಿ, ಇನ್ನೂರು ಜನ ಕುದುರೆಯ ಮೇಲೆ ಕಾಯಬೇಕು ಎಂದುಕೊಂಡರೆ ಆ ಕೆಲಸದ ಅಳತೆ ಸಿಗುತ್ತದೆ.

ಈ ನೆಲದ ಮೂಲನಿವಾಸಿಗಳಿಗೆ ಬಿಳಿಯ ಅಧಿಕಾರಿಗಳ ಮೇಲೆ ನಂಬಿಕೆ ಇರಲಿಲ್ಲ, ಇರಲು ಕಾರಣವೂ ಇರಲಿಲ್ಲ. ಅವರ ಮಾತು ಬಲ್ಲ, ಹಳ್ಳಕೊಳ್ಳಗಳ ದಾರಿ ಬಲ್ಲ ಕಪ್ಪು ಮನುಷ್ಯನಿಗೆ ಸಿಗುತ್ತಿದ್ದ ಸುಳಿವು ಇತರರಿಗೆ ಸಿಗುತ್ತಿರಲಿಲ್ಲ. ಫೋರ್ಟ್ ಸ್ಮಿತ್ ಕಪ್ಪು ಜನರನ್ನು ನೇಮಿಸಿಕೊಂಡದ್ದು ಸಮಾನತೆಯ ಮೇಲಿನ ಪ್ರೀತಿಯಿಂದ ಎಂದು ಯಾರೂ ಹೇಳಲಾರರು. ಅವರಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಇಂಡಿಯನ್ ಟೆರಿಟರಿಯಲ್ಲಿ ಕನಿಷ್ಠ ಐವತ್ತು ಮಂದಿ ಕಪ್ಪು ಡೆಪ್ಯುಟಿಗಳಾದರೂ ಕೆಲಸ ಮಾಡಿದ್ದಾರೆಂಬುದು ಇತಿಹಾಸಕಾರರ ಅಂದಾಜು. ಅವರ ಎದೆಯ ಮೇಲಿದ್ದದ್ದು ಫೆಡರಲ್ ಬಿಲ್ಲೆ. ದಕ್ಷಿಣದ ಎಷ್ಟೋ ಊರುಗಳಲ್ಲಿ ಕಪ್ಪು ಪೊಲೀಸನೊಬ್ಬ ಬಿಳಿಯನ ಮೈಮುಟ್ಟುವುದೇ ಅಸಾಧ್ಯವಾಗಿದ್ದ ಕಾಲದಲ್ಲಿ ಇವರು ಬಿಳಿಯರಿಗೆ ಸಂಕೋಲೆ ತೊಡಿಸಿ ನೂರಾರು ಮೈಲಿ ಕರೆತರುತ್ತಿದ್ದರು.

ಕೆಲಸ ನಡೆಯುತ್ತಿದ್ದ ಬಗೆಯನ್ನು ನೋಡಿದರೆ ‘ಒಂಟಿ ಸವಾರ’ನ ಚಿತ್ರ ತಾನಾಗಿ ಕಳಚಿ ಬೀಳುತ್ತದೆ. ಡೆಪ್ಯುಟಿ ಹೊರಟನೆಂದರೆ ಜೊತೆಗೆ ಒಂದು ಬಂಡಿ, ಒಬ್ಬ ಅಡುಗೆಯವನು, ಕಾವಲಿನವನು, ನೆರವಿಗೆ ಒಬ್ಬಿಬ್ಬರು ಸವಾರರು, ಅನೇಕ ಸಲ ಅವರಲ್ಲೊಬ್ಬ ಮೂಲನಿವಾಸಿ. ಬಂಡಿಯನ್ನು ಒಂದು ಕಡೆ ನಿಲ್ಲಿಸಿ, ಸುತ್ತಲಿನ ಊರುಗಳಿಂದ ಆರೋಪಿಗಳನ್ನು ಹಿಡಿದು ತಂದು, ರಾತ್ರಿ ಅವರನ್ನು ಉದ್ದನೆಯ ಸರಪಳಿಗೆ ಕಟ್ಟಿ ಮಲಗಿಸಿ, ಬಂಡಿ ತುಂಬಿದ ಮೇಲೆ ಫೋರ್ಟ್ ಸ್ಮಿತ್‌ಗೆ ಮರಳುವುದು ಕ್ರಮ. ಒಂದು ಸುತ್ತಿಗೆ ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮಿಸೂರಿ–ಕಾನ್ಸಾಸ್–ಟೆಕ್ಸಾಸ್ ರೈಲುಹಳಿಯನ್ನು ಡೆಪ್ಯುಟಿಗಳು ‘ಸಾವಿನ ಗೆರೆ’ ಎನ್ನುತ್ತಿದ್ದರು. ಅದನ್ನು ದಾಟಿ ಪಶ್ಚಿಮಕ್ಕೆ ಹೋದ ಮೇಲೆ ಜೀವಕ್ಕೆ ಭರವಸೆ ಇರಲಿಲ್ಲ. ಪಾರ್ಕರ್ ಅವರ ಇಪ್ಪತ್ತೊಂದು ವರ್ಷಗಳಲ್ಲಿ ಸತ್ತ ಡೆಪ್ಯುಟಿಗಳ ಸಂಖ್ಯೆಯನ್ನು ಸಾಮಾನ್ಯವಾಗಿ 65 ಎಂದು ಕೊಡುತ್ತಾರೆ.

ರೀವ್ಸ್ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಹೊರಡುವ ಮುನ್ನ ಯಾರಾದರೂ ವಾರಂಟುಗಳನ್ನು ಓದಿ ಹೇಳಬೇಕು. ಯಾವ ಕಾಗದ ಯಾರದು, ಆರೋಪವೇನು ಎಂಬುದನ್ನು ಅವರು ಕಾಗದದ ಚಹರೆಯಿಂದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಆರೋಪಿಯ ಮುಂದೆ ನಿಂತಾಗ ಕಟ್ಟಿನಿಂದ ಸರಿಯಾದ ಹಾಳೆಯನ್ನೇ ಎಳೆದು ಕೊಡುತ್ತಿದ್ದರೆಂದು ಅವರನ್ನು ಕಂಡವರು ಹೇಳಿಕೊಂಡಿದ್ದಾರೆ. ದಂತಕಥೆ ಇದನ್ನು ಪವಾಡವೆಂಬಂತೆ ಹೇಳುತ್ತದೆ. ಓದು ಕಲಿಸುವುದನ್ನು ನಿರಾಕರಿಸಿದ ವ್ಯವಸ್ಥೆಯಿಂದ ಬಂದ ಮನುಷ್ಯ ನೆನಪನ್ನೇ ಓದಾಗಿಸಿಕೊಂಡದ್ದರಲ್ಲಿ ಪವಾಡಕ್ಕಿಂತ ಹೆಚ್ಚಾಗಿ ಅಗತ್ಯವಿದೆ.

ಅವರು 3,000ಕ್ಕೂ ಹೆಚ್ಚು ಜನರನ್ನು ಬಂಧಿಸಿದರು, 14 ಮಂದಿಯನ್ನು ಕೊಂದರು ಎಂಬ ಅಂಕಿಗಳು ಎಲ್ಲ ಬರಹಗಳಲ್ಲೂ ಬರುತ್ತವೆ. ಇವು ಅವರ ಕೊನೆಗಾಲದ ಪತ್ರಿಕೆಗಳಿಂದ ಬಂದ ಅಂಕಿಗಳು, ಯಾರೂ ಒಂದೊಂದಾಗಿ ಎಣಿಸಿ ಬರೆದಿಟ್ಟ ಲೆಕ್ಕವಲ್ಲ. ಆದರೂ ಮೊದಲನೆಯದು ಅಸಂಭವವಲ್ಲ: ಮೂವತ್ತೆರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಎಂಟು ಬಂಧನ, ಒಂದು ಸುತ್ತಿನಲ್ಲಿ ಹತ್ತಕ್ಕೂ ಹೆಚ್ಚು ಕೈದಿಗಳನ್ನು ತರುತ್ತಿದ್ದವರಿಗೆ ಅದು ಸಾಧ್ಯವಿತ್ತು. ಅವರಲ್ಲಿ ಬಹುಮಂದಿ ಸಿನಿಮಾದ ದರೋಡೆಕೋರರಲ್ಲ. ಇಂಡಿಯನ್ ಟೆರಿಟರಿಯೊಳಗೆ ಮದ್ಯ ತರುವುದೇ ಅಪರಾಧವಾಗಿದ್ದರಿಂದ ವಿಸ್ಕಿ ಸಾಗಿಸಿದವರು, ಕುದುರೆ ದನ ಕದ್ದವರು, ಹೊಡೆದಾಟ ಮಾಡಿದವರು ಮೊಕದ್ದಮೆಗಳ ಕಡತಗಳಲ್ಲಿ ಸಾಲುಗಟ್ಟಿದ್ದಾರೆ.

ಎರಡನೆಯ ಅಂಕಿಯನ್ನು ಹೆಮ್ಮೆಯಿಂದ ಉದ್ಧರಿಸುವವರು ಡೆಪ್ಯುಟಿಗಳ ಸಂಪಾದನೆಯ ಕ್ರಮವನ್ನು ಗಮನಿಸಿಲ್ಲ. ಅವರಿಗೆ ಸಂಬಳವಿರಲಿಲ್ಲ. ವಾರಂಟ್ ಹಿಡಿದು ಹೋದ ಮೈಲಿಗೆ ಆರು ಸೆಂಟ್, ಬಂಧನಕ್ಕೆ ಎರಡು ಡಾಲರ್ ಎಂಬಂಥ ದರಗಳಿದ್ದವು. ಅದರಲ್ಲೂ ಒಂದು ಪಾಲನ್ನು ಮೇಲಿನ ಮಾರ್ಷಲ್ ಮುರಿದುಕೊಳ್ಳುತ್ತಿದ್ದ. ಆರೋಪಿ ಸಿಗದಿದ್ದರೆ ದುಡ್ಡಿಲ್ಲ. ಆರೋಪಿ ಡೆಪ್ಯುಟಿಯ ಕೈಯಲ್ಲಿ ಸತ್ತರೆ ಭತ್ಯೆ ಹೋಗುವುದಲ್ಲದೆ ಅವನನ್ನು ಹೂಳುವ ಖರ್ಚೂ ತಲೆಯ ಮೇಲೆ ಬರಬಹುದಿತ್ತು. ಬಹುಮಾನ ಘೋಷಣೆಯಾದ ಕೆಲವರನ್ನು ಬಿಟ್ಟರೆ ಹೆಣಕ್ಕಿಂತ ಜೀವಂತ ಕೈದಿಗೇ ಬೆಲೆ. ಗುಂಡಿನ ಕಾಳಗವೆಂದರೆ ಆ ಕಸುಬಿನಲ್ಲಿ ನಷ್ಟದ ಬಾಬತ್ತು. ರೀವ್ಸ್ ಭಿಕ್ಷುಕನ ವೇಷ ಹಾಕಿ, ಟೋಪಿಗೆ ತಾವೇ ಗುಂಡಿನ ತೂತು ಮಾಡಿಕೊಂಡು, ತಲೆಮರೆಸಿಕೊಂಡಿದ್ದ ಸೋದರರ ತಾಯಿಯ ಮನೆಗೆ ಹೋಗಿ ಅನ್ನ ಬೇಡಿ, ಅಲ್ಲೇ ಮಲಗಿ, ನಿದ್ದೆಯಲ್ಲಿದ್ದ ಇಬ್ಬರಿಗೂ ಬೇಡಿ ತೊಡಿಸಿದರೆಂಬ ಕಥೆಯನ್ನು ಜನ ಪ್ರೀತಿಯಿಂದ ಹೇಳುತ್ತಾರೆ. ಬೆಳಗ್ಗೆ ಆ ತಾಯಿ ಮೂರು ಮೈಲಿ ದೂರ ಶಾಪ ಹಾಕುತ್ತ ಹಿಂದೆ ಬಂದಳಂತೆ. ಕಥೆಗೆ ಬಣ್ಣ ಸೇರಿರಬಹುದು, ಆದರೆ ಆ ಉಪಾಯದ ಹಿಂದಿನ ಲೆಕ್ಕಾಚಾರ ಆ ಕಸುಬಿಗೆ ತಕ್ಕದ್ದೇ.

ದಂತಕಥೆ ಅವಸರದಲ್ಲಿ ದಾಟುವ ಇನ್ನೊಂದು ಅಧ್ಯಾಯವಿದೆ. 1884ರಲ್ಲಿ ಬಿಡಾರದಲ್ಲಿದ್ದಾಗ ರೀವ್ಸ್ ಅವರ ಬಂದೂಕಿನಿಂದ ಹಾರಿದ ಗುಂಡು ಅವರದೇ ಅಡುಗೆಯವನಾದ ವಿಲಿಯಂ ಲೀಚ್ ಎಂಬ ಕಪ್ಪು ಮನುಷ್ಯನ ಕುತ್ತಿಗೆಗೆ ತಗುಲಿತು, ಆತ ಬದುಕಲಿಲ್ಲ. ಬಂದೂಕಿನೊಳಗೆ ತಪ್ಪು ಅಳತೆಯ ತೋಟಾ ಸಿಕ್ಕಿಕೊಂಡಿತ್ತು, ಅದನ್ನು ತೆಗೆಯುವಾಗ ಗುಂಡು ಹಾರಿತು ಎಂದು ರೀವ್ಸ್ ಹೇಳಿದರು. ಅಡುಗೆಯವನು ನಾಯಿಯೊಂದರ ಮೇಲೆ ಕಾದ ಜಿಡ್ಡು ಸುರಿದ, ಅದರಿಂದ ಜಗಳ ಹತ್ತಿತು ಎಂದು ಬೇರೆ ಸಾಕ್ಷಿಗಳು ನುಡಿದರು. ವಾಷಿಂಗ್ಟನ್ನಿನಲ್ಲಿ ಸರ್ಕಾರ ಬದಲಾಗಿ ಮಾರ್ಷಲ್ ಹುದ್ದೆಗೂ ಹೊಸಬರು ಬಂದ ಕಾಲದಲ್ಲಿ, 1886ರಲ್ಲಿ, ರೀವ್ಸ್ ಅವರನ್ನು ಕೊಲೆ ಆರೋಪದ ಮೇಲೆ ಬಂಧಿಸಿ, ತಾವೇ ಕೈದಿಗಳನ್ನು ತಂದು ತುಂಬುತ್ತಿದ್ದ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. 1887ರ ಅಕ್ಟೋಬರಿನಲ್ಲಿ ಖುಲಾಸೆಯಾಯಿತು. ಅಷ್ಟರಲ್ಲಿ ವಕೀಲರ ಖರ್ಚಿಗೆ ಅವರ ಗಳಿಕೆಯೆಲ್ಲ ಕರಗಿತ್ತು.

ಕಂಚಿನ ಪ್ರತಿಮೆಗೆ ಈ ಸಂಗತಿ ಹೊಂದುವುದಿಲ್ಲ. ಆದರೆ ಓದು ಬರಹ ಬಾರದ ರೀವ್ಸ್ ಅವರ ಸ್ವಂತ ಮಾತು ಪ್ರಮಾಣದ ಮೇಲೆ ಬರಹಕ್ಕಿಳಿದು ಉಳಿದದ್ದು ಇಂತಹ ನ್ಯಾಯಾಲಯದ ಕಡತಗಳಲ್ಲೇ. ಅವರನ್ನು ಅನುಮಾನಿಸಿದ ವ್ಯವಸ್ಥೆಯೇ ಅವರನ್ನು ಬರೆದಿಟ್ಟಿತು. 1902ರಲ್ಲಿ ತಮ್ಮ ಮಗ ಬೆನ್ನಿ ಹೆಂಡತಿಯನ್ನು ಕೊಂದಾಗ ಆ ವಾರಂಟನ್ನು ತಾವೇ ಕೇಳಿ ಪಡೆದು ಮಗನನ್ನು ಹಿಡಿದು ತಂದರೆಂಬ ಪ್ರಸಂಗವನ್ನು ಟಿವಿ, ಪತ್ರಿಕೆಗಳು ಬಹಳ ಹೇಳಿವೆ. ಮಗನಿಗೆ ಜೀವಾವಧಿ ಶಿಕ್ಷೆಯಾಗಿ ಲೆವೆನ್‌ವರ್ತ್ ಸೆರೆಮನೆಗೆ ಹೋದ ಎಂಬಷ್ಟನ್ನು ಇಲ್ಲಿ ಹೇಳಿ ಮುಂದಕ್ಕೆ ಹೋಗುತ್ತೇನೆ.

ಏಕೆಂದರೆ ಉಳಿದವರಿಗೂ ಸ್ವಲ್ಪ ಜಾಗ ಬೇಕು. ಯೂಫಾಲಾ ಊರಿನ ಗ್ರ್ಯಾಂಟ್ ಜಾನ್ಸನ್ ಕ್ರೀಕ್ ಫ್ರೀಡ್‌ವುಮನ್ ಒಬ್ಬರ ಮಗ. ಕ್ರೀಕ್ ಭಾಷೆ ಅವರಿಗೆ ಮನೆಮಾತು. ಪಾರ್ಕರ್ ತಮ್ಮ ಅತ್ಯುತ್ತಮ ಡೆಪ್ಯುಟಿಗಳ ಸಾಲಿನಲ್ಲಿ ಎಣಿಸಿದ್ದ ಇವರು ಹೆಚ್ಚುಕಡಿಮೆ ಎರಡು ದಶಕ ದುಡಿದರು. ಇಂದು ಅವರ ಹೆಸರು ಯಾರ ಬಾಯಲ್ಲೂ ಇಲ್ಲ. ಇನ್ನೊಬ್ಬರು ಚೆರೋಕೀ ಫ್ರೀಡ್‌ಮ್ಯಾನ್ ಐಕ್ ರಾಜರ್ಸ್. ‘ಚೆರೋಕೀ ಬಿಲ್’ ಎಂದು ಹೆಸರಾದ ಕ್ರಾಫರ್ಡ್ ಗೋಲ್ಡ್ಸ್‌ಬಿ ಎಂಬ ಕೊಲೆಗಾರನನ್ನು 1895ರ ಜನವರಿಯಲ್ಲಿ ರಾಜರ್ಸ್ ತಮ್ಮ ಮನೆಗೆ ಕರೆದರು. ಬಿಲ್ ಮೆಚ್ಚಿದ ಹುಡುಗಿಯೂ ಅಲ್ಲಿಗೆ ಬಂದಿದ್ದಳು. ಬಿಲ್ ರಾತ್ರಿಯೆಲ್ಲ ಬಂದೂಕನ್ನು ಬಿಡಲಿಲ್ಲ. ಬೆಳಗ್ಗೆ ಸಿಗರೇಟು ಹೊತ್ತಿಸಲು ಒಲೆಯ ಬೆಂಕಿಗೆ ಬಾಗಿದ ಕ್ಷಣದಲ್ಲಿ ರಾಜರ್ಸ್ ಸೌದೆಯ ಕೊರಡೊಂದನ್ನು ಎತ್ತಿ ಅವನ ತಲೆಗೆ ಹೊಡೆದರು. ನೆರೆಯವನೊಬ್ಬನ ನೆರವಿನಿಂದ ಸೆಣಸಿ ಕೆಡವಿ ಬೇಡಿ ಹಾಕಿದರು. ಬಿಲ್‌ನನ್ನು 1896ರಲ್ಲಿ ಗಲ್ಲಿಗೇರಿಸಿದರು. ಮರುವರ್ಷ ಅವನ ತಮ್ಮ ರಾಜರ್ಸ್ ಅವರನ್ನು ಫೋರ್ಟ್ ಗಿಬ್ಸನ್‌ನಲ್ಲಿ ಗುಂಡಿಟ್ಟು ಕೊಂದ. ಈ ಪ್ರಸಂಗದಲ್ಲಿ ಬೆಳ್ಳಿಯ ಗುಂಡೂ ಇಲ್ಲ, ಯಾರೂ ಪೂರ್ತಿ ಒಳ್ಳೆಯವರಾಗಿ ಕಾಣುವುದೂ ಇಲ್ಲ. ಮನೆಗೆ ಕರೆದ ಅತಿಥಿಗೆ ಹೊಡೆದವರಿಗೆ ಪ್ರತಿಮೆ ಎತ್ತುವುದು ಕಷ್ಟ. ಮರೆವಿಗೆ ಇದೂ ಒಂದು ಕಾರಣವಿದ್ದೀತು.

ಮರೆವಿನ ದೊಡ್ಡ ಕಾರಣಗಳು ಬೇರೆ. ದಂತಕಥೆ ತಾನಾಗಿ ಬೆಳೆಯುವುದಿಲ್ಲ, ಅದಕ್ಕೆ ಬರೆಯುವವರು ಬೇಕು, ಅಚ್ಚು ಹಾಕುವವರು ಬೇಕು. 1881ರಲ್ಲಿ ಟೂಂಬ್‌ಸ್ಟೋನ್‌ನಲ್ಲಿ ಅರ್ಧ ನಿಮಿಷದಷ್ಟು ನಡೆದ ಗುಂಡಿನ ಕಾಳಗದಿಂದ ಹೆಸರಾದ ಬಿಳಿಯ ಕಾನೂನು ಅಧಿಕಾರಿ ವಯಟ್ ಅರ್ಪ್ 1929ರವರೆಗೆ ಬದುಕಿದ. ಲಾಸ್ ಏಂಜಲೀಸಿನಲ್ಲಿ ಸಿನಿಮಾದವರ ಒಡನಾಟದಲ್ಲಿದ್ದ. ಸತ್ತ ಎರಡೇ ವರ್ಷಕ್ಕೆ ಅವನನ್ನು ಮಹಾವೀರನನ್ನಾಗಿ ಚಿತ್ರಿಸಿದ ಪುಸ್ತಕ ಬಂದು ಮುಂದಿನ ಸಿನಿಮಾಗಳಿಗೆಲ್ಲ ಅಚ್ಚಾಯಿತು. ರೀವ್ಸ್ 1910ರ ಜನವರಿ 12ರಂದು ಮಸ್ಕೋಗೀಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಾಗ ಸ್ಥಳೀಯ ಪತ್ರಿಕೆಗಳು ಗೌರವದಿಂದ ಬರೆದವು. ಅಲ್ಲಿಗೆ ಮುಗಿಯಿತು.

ಅದಕ್ಕೂ ಮೊದಲೇ ನೆಲದ ಕಾನೂನು ತಿರುಗಿತ್ತು. 1907ರ ನವೆಂಬರಿನಲ್ಲಿ ಓಕ್ಲಹೋಮಾ ರಾಜ್ಯವಾಯಿತು. ಹೊಸ ಸೆನೆಟ್ ಕೈಗೆತ್ತಿಕೊಂಡ ಒಂದನೆಯ ಮಸೂದೆಯೇ ರೈಲುಗಳಲ್ಲಿ ಕಪ್ಪು ಜನರಿಗೆ ಬೇರೆ ಡಬ್ಬಿ ಮಾಡುವಂಥದ್ದು. ಫೆಡರಲ್ ಡೆಪ್ಯುಟಿಗಿರಿ ಮುಗಿದ ಮೇಲೆ ರೀವ್ಸ್, ಎಪ್ಪತ್ತರ ಹೊಸ್ತಿಲಲ್ಲಿ, ಮಸ್ಕೋಗೀ ನಗರ ಪೊಲೀಸಿಗೆ ಸೇರಿ ಎರಡು ವರ್ಷ ಗಸ್ತು ತಿರುಗಿದರು. ಅವರು ಸತ್ತ ವರ್ಷವೇ ಓಕ್ಲಹೋಮಾ ಸಂವಿಧಾನಕ್ಕೆ ತಿದ್ದುಪಡಿ ತಂದು ಮತದಾನಕ್ಕೆ ಓದು ಬರಹದ ಪರೀಕ್ಷೆಯನ್ನು ಹೇರಿತು. 1866ಕ್ಕೆ ಮುಂಚೆ ಮತದ ಹಕ್ಕಿದ್ದವರ ವಂಶಸ್ಥರಿಗೆ, ಎಂದರೆ ಬಿಳಿಯರಿಗೆ, ಅದರಿಂದ ವಿನಾಯಿತಿ. ಸುಪ್ರೀಂ ಕೋರ್ಟ್ ಅದನ್ನು 1915ರಲ್ಲಿ ಹೊಡೆದುಹಾಕಿತು. ಮೂರು ದಶಕ ಸರ್ಕಾರದ ವಾರಂಟುಗಳನ್ನು ಮನಸ್ಸಿನಲ್ಲೇ ಓದಿಕೊಂಡವರು ಇನ್ನಷ್ಟು ಕಾಲ ಬದುಕಿದ್ದರೆ ಮತಗಟ್ಟೆಯಿಂದ ಹಿಂದಿರುಗಬೇಕಾಗುತ್ತಿತ್ತು. ಇಂತಹ ರಾಜ್ಯಕ್ಕೆ ಕಪ್ಪು ಡೆಪ್ಯುಟಿಗಳನ್ನು ನೆನಪಿಡುವ ಇಚ್ಛೆ ಇರಲಿಲ್ಲ. ಅವರ ಬಗೆಗಿನ ಮಾತುಗಳು ಉಳಿದದ್ದು 1937–38ರಲ್ಲಿ ಓಕ್ಲಹೋಮಾದ ಹಿರಿಯರನ್ನು ಮಾತನಾಡಿಸಿ ಬರೆದಿಟ್ಟ ಸಂದರ್ಶನಗಳ ರಾಶಿಯಲ್ಲಿ ಮತ್ತು ಮನೆಮನೆಯ ಕಥೆಗಳಲ್ಲಿ.

ಹಾಗಾದರೆ ಇಂದು ಈ ಹೆಸರು ಮೇಲೆದ್ದದ್ದು ಏಕೆ? ಒಬ್ಬ ವೀರನ ಕಥೆ ಎಲ್ಲರಿಗೂ ಅನುಕೂಲ ಎಂಬುದು ನನ್ನ ಉತ್ತರ. ಗುಲಾಮಗಿರಿಯಿಂದ ಮೇಲೆದ್ದು ಕಾನೂನಿಗೆ ನಿಷ್ಠನಾಗಿ ನಿಂತ ಕಪ್ಪು ಮಾರ್ಷಲ್ ಎಂದರೆ ಹೆಮ್ಮೆಪಡಲು ಯಾವ ಪಕ್ಷದವರಿಗೂ ಅಡ್ಡಿಯಿಲ್ಲ. ಓಕ್ಲಹೋಮಾ 2021ರಲ್ಲಿ ವರ್ಣಭೇದದ ಕುರಿತ ಪಾಠಗಳಿಗೆ ನಿರ್ಬಂಧ ಹಾಕುವ ಕಾಯಿದೆ ಮಾಡಿತು. ಅದೇ ರಾಜ್ಯದ ಹೆದ್ದಾರಿಯ ಸೇತುವೆಯ ಮೇಲೆ ರೀವ್ಸ್ ಅವರ ಹೆಸರಿದೆ. ಎರಡರ ನಡುವೆ ತಿಕ್ಕಾಟವಿಲ್ಲ, ಏಕೆಂದರೆ ಸೇತುವೆಯ ಫಲಕ ‘ಏಕೆ’ ಎಂದು ಕೇಳುವುದಿಲ್ಲ. ಆ ಕಪ್ಪು ಮನುಷ್ಯನಿಗೆ ಕ್ರೀಕ್ ಭಾಷೆ ಹೇಗೆ ಬಂತು, ಆ ನೆಲದಲ್ಲಿ ಕ್ರೀಕ್ ಮಾತಾಡುವ ಕಪ್ಪು ಊರುಗಳು ಹೇಗೆ ಹುಟ್ಟಿದವು, ಅವು ಮುಂದೆ ಏನಾದವು ಎಂದು ಕೇಳಿದರೆ ಮಾತು ತೊಡಕಾಗುತ್ತದೆ.

ಆ ತೊಡಕು ಇಂದಿಗೂ ನ್ಯಾಯಾಲಯಗಳಲ್ಲಿ ಜೀವಂತವಾಗಿದೆ. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೆಕ್‌ಗರ್ಟ್ ಪ್ರಕರಣದಲ್ಲಿ ಕ್ರೀಕ್ ಜನಾಂಗಕ್ಕೆ ಒಪ್ಪಂದದಿಂದ ಬಂದ ನೆಲದ ಮಾನ್ಯತೆಯನ್ನು ಸಂಸತ್ತು ಎಂದೂ ರದ್ದು ಮಾಡಿರಲಿಲ್ಲ ಎಂದು ತೀರ್ಪಿತ್ತಿತು. ಅದರಿಂದ ಪೂರ್ವ ಓಕ್ಲಹೋಮಾದಲ್ಲಿ ಮೂಲನಿವಾಸಿಗಳ ಮೇಲಿನ ಗಂಭೀರ ಮೊಕದ್ದಮೆಗಳು ರಾಜ್ಯದ ಕೈಯಿಂದ ಮತ್ತೆ ಫೆಡರಲ್ ನ್ಯಾಯಾಲಯಗಳಿಗೆ ಬಂದವು. ಯಾವ ಅಪರಾಧಿ ಯಾರ ನ್ಯಾಯಾಲಯಕ್ಕೆ ಸೇರಿದವನು ಎಂಬ, ಪಾರ್ಕರ್ ಅವರ ಕಾಲದ ಪ್ರಶ್ನೆಯೇ ಒಂದೂ ಕಾಲು ಶತಮಾನದ ಬಳಿಕ ಮರಳಿತ್ತು.

ಫ್ರೀಡ್‌ಮೆನ್‌ಗಳ ಪ್ರಶ್ನೆಯೂ ಹಾಗೆಯೇ. ಶತಮಾನದ ತಿರುವಿನಲ್ಲಿ ಭೂಮಿ ಹಂಚಲು ಸರ್ಕಾರ ಡಾಸ್ ಪಟ್ಟಿಗಳನ್ನು ತಯಾರಿಸಿದಾಗ ‘ರಕ್ತಸಂಬಂಧದ’ ಪ್ರಜೆಗಳನ್ನು ಒಂದು ಪಟ್ಟಿಯಲ್ಲೂ ಫ್ರೀಡ್‌ಮೆನ್‌ಗಳನ್ನು ಇನ್ನೊಂದು ಪಟ್ಟಿಯಲ್ಲೂ ಬರೆದರು. ಕ್ರೀಕ್ ಜನಾಂಗ 1979ರ ತನ್ನ ಸಂವಿಧಾನದಲ್ಲಿ ಮೊದಲನೆಯ ಪಟ್ಟಿಯ ವಂಶಸ್ಥರಿಗೆ ಮಾತ್ರ ಪ್ರಜೆತನ ಉಳಿಸಿತು. ಗ್ರ್ಯಾಂಟ್ ಜಾನ್ಸನ್ ಅವರ ತಾಯಿಯಂಥವರ ಮಕ್ಕಳು ಮೊಮ್ಮಕ್ಕಳ ಸಂತತಿ ಹೀಗೆ ತಮ್ಮ ಹಿರಿಯರು ಕಾದ ನೆಲದಲ್ಲೇ ಹೊರಗಿನದಾಯಿತು. ಚೆರೋಕೀ ಜನಾಂಗದ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತನ್ನ ಸಂವಿಧಾನದಿಂದ ‘ರಕ್ತದಿಂದ’ ಎಂಬ ಮಾತುಗಳನ್ನು ತೆಗೆಸಿತು. ಕ್ರೀಕ್ ಜನಾಂಗದ ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ಇಬ್ಬರು ಅರ್ಜಿದಾರರ ಪರವಾಗಿ, ಫ್ರೀಡ್‌ಮೆನ್ ವಂಶಸ್ಥರೂ ಪ್ರಜೆಗಳೇ ಎಂದು ತೀರ್ಪು ಕೊಟ್ಟಿತು. ತೀರ್ಪಿಗೆ ಆಧಾರವಾದದ್ದು 1866ರ ಅದೇ ಒಪ್ಪಂದದ ಎರಡನೆಯ ಕಲಮು.